ಪಂಕಜಾಕ್ಷಿ ಕೊಡದ ನಂಬರುಗಳು

ನಮ್ಮೂರಲ್ಲಿ ಮೂಲವ್ಯಾಧಿಗೆಂದೇ ಒಂದು ಆಸ್ಪತ್ರೆಯಿತ್ತು. ಅದರ ವೆಬ್‌ಸೈಟು ನೋಡಿಕೊಳ್ಳುತ್ತಿದ್ದವಳು ಗುಮಾಸ್ತೆ ಪಂಕಜಾಕ್ಷಿ. ಒಂದು ಬೆಳಿಗ್ಗೆ, ಚುನಾವಣೆಗೆ ನಿಂತಿದ್ದ ಪುಟ್ಟಬಸಪ್ಪನವರು ಬಂದು ಅವಳೆದುರು ಗತ್ತಿನಿಂದ ಕೂತರು.

“ವೆಬ್‌ಸೈಟಲ್ಲಿ ಹೆಸರು ಬರೆಸಿದವರ ಫೋನ್ ನಂಬರೆಲ್ಲ ಕೊಡಮ್ಮ. ವೋಟು ಕೇಳಬೇಕು. ಕೊಡದಿದ್ದರೆ ನಿನ್ನ ಕೆಲಸ ಹೋಗುತ್ತೆ!”

“ಗುಟ್ಟಾಗಿಡ್ತೀವಿ ಅಂತ ಅವರಿಗೆ ಮಾತು ಕೊಟ್ಟಿದ್ದೀವಿ ಸಾರ್. ನಂಬರ್ ಎಲ್ಲಿ ಸಿಕ್ತು ಅಂತ ಅವರು ಕೇಳಿದರೆ, ಮೂಲವ್ಯಾಧಿ ಆಸ್ಪತ್ರೆಗೆ ಹೋಗಿದ್ದೆ ಅಂತೀರಾ?”

ಪುಟ್ಟಬಸಪ್ಪನವರು ಚೇಳು ಕುಟುಕಿದವರಂತೆ ಎದ್ದು ನಿಂತರು. “ಬೇಡ ಬಿಡಮ್ಮ!”

“ಕೂತ್ಕೊಳ್ಳಿ ಸಾರ್, ಕಾಫಿ ಬರುತ್ತೆ.”

“ಇಲ್ಲ, ನಿಂತೇ ಕುಡೀತೀನಿ.”

ಬೆಂಚಿನಲ್ಲಿ ಕಾಯುತ್ತಿದ್ದ ಮುದುಕರೊಬ್ಬರು ಇದನ್ನು ಕೇಳಿ, ತಾವು ಕೂತಿದ್ದ ಗಾಳಿ ದಿಂಬನ್ನು ಎಳೆದು ಅವರತ್ತ ಚಾಚಿದರು.

“ಸಂಕೋಚ ಪಡಬೇಡಿ ಸ್ವಾಮಿ, ಇದರ ಮೇಲೆ ಕೂತ್ಕೊಳ್ಳಿ. ಮೊದಮೊದಲು ಎಲ್ಲರಿಗೂ ಹಾಗೇ.”