ಹೊಳೆಯ ತನಕ ಬಂದ ರಸ್ತೆ

ತುಂಬಿದ ಸಭೆಯಲ್ಲಿ ಕೇತಯ್ಯ ಮುದ್ರೆಯುಂಗುರ ಕಿತ್ತು ಅರಸನ ಪೀಠದ ಬುಡಕ್ಕೆ ಎಸೆದ. ಯಾರ ಮುಖವನ್ನೂ ನೋಡದೆ ಹೊರಟುಬಿಟ್ಟ. ಎದೆಮಟ್ಟದ ನೀರಲ್ಲಿ ಹೊಳೆ ದಾಟಿ, ಒದ್ದೆ ಬಟ್ಟೆಯಲ್ಲೇ ಸಿಂಗಿದೇವರ ಆಶ್ರಮದ ಅಂಗಳಕ್ಕೆ ಬಂದು ನಿಂತ.

ಅವನು ಬೆಳೆದದ್ದು ಅದೇ ಅಂಗಳದಲ್ಲಿ. ಕಲ್ಲಿನ ಗುಣ, ಮಣ್ಣಿನ ಗುಣ, ನೀರಿನ ಓಟ, ಎಲ್ಲವನ್ನೂ ಕಲಿತದ್ದು ಸಿಂಗಿದೇವರ ಕೈಕೆಳಗೆ. ಆ ವಿದ್ಯೆಗೆ ಮೆಚ್ಚಿ ಅರಸ ಅವನನ್ನು ನಾಡಿನ ಹೆದ್ದಾರಿಗಳ ಅಧಿಕಾರಿಯನ್ನಾಗಿ ಮಾಡಿದ್ದ.

ಗುರುಗಳು ಬೇಲಿಗೆ ಮುಳ್ಳು ಕಟ್ಟುತ್ತಿದ್ದರು. ತಲೆ ಎತ್ತಿ ನೋಡಿದರು.

"ಊಟವಾಯಿತೇನಪ್ಪ?"

"ಊಟಕ್ಕೆ ಬಂದವನಲ್ಲ ಗುರುಗಳೇ. ಅಧಿಕಾರವನ್ನು ಒದ್ದು ಬಂದೆ."

"ಸರಿ. ಕೂತು ಹೇಳು."

ಕೇತಯ್ಯ ಕೂರಲಿಲ್ಲ. ಅಂಗಳದ ಉದ್ದಕ್ಕೂ ಅಡ್ಡಾಡುತ್ತಲೇ ಹೇಳಿದ.

"ತಮಗೆ ತೋರಿಸಿದ್ದೆನಲ್ಲ, ಆ ಯೋಜನೆ. ಪಡುವಣ ಬಂದರಿನಿಂದ ಮೂಡಣ ಬಯಲಿನ ತನಕ, ಬಡಗಣ ಗಡಿಯಿಂದ ತೆಂಕಣ ಕಾಡಿನ ತನಕ ಹೆದ್ದಾರಿ. ಒಂದಕ್ಕೊಂದು ಕೂಡಬೇಕು. ಹೊಳೆ ಬಂದಲ್ಲಿ ಸೇತುವೆಯಾಗಬೇಕು. ಒಂದು ತಲೆಮಾರಿನ ಕೆಲಸ. ಅದಕ್ಕೆಂದು ವರ್ಷ ವರ್ಷವೂ ಬೊಕ್ಕಸದ ಒಂದು ಪಾಲು ಮೀಸಲು. ಬರ ಬರಲಿ, ಹಬ್ಬ ಬರಲಿ, ಅದನ್ನು ಯಾರೂ ಮುಟ್ಟಕೂಡದು. ಅರಸರು ಆಣೆಯಿಟ್ಟು ಒಪ್ಪಿದ್ದರು!"

"ನೆನಪಿದೆ."

"ಅರಸರು ಪಟ್ಟವೇರಿದ ದಿನದ ಉತ್ಸವ ಬಂತು. ಮಂತ್ರಿ ರೇಚರಸ ಎದ್ದು ಏನೆಂದ ಗೊತ್ತೇ? 'ಪ್ರಭುಗಳು ಬದುಕಿರುವಾಗ ಮುಗಿಯದ ಸೇತುವೆಯಿಂದ ಪ್ರಭುಗಳಿಗೇನು ಕೀರ್ತಿ?' ಅಂದ. ಮೀಸಲು ಪಾಲಿಗೆ ಕೈ ಹಾಕಿದರು. ಈ ಹೊಳೆಯ ಸೇತುವೆಗೆಂದು ಕಡೆಸಿಟ್ಟ ಕಲ್ಲನ್ನು ಹೇರಿಕೊಂಡು ಹೋಗಿ ರಾಜಧಾನಿಯ ಬಾಗಿಲಿಗೆ ಕಮಾನು ಕಟ್ಟಿದರು. ಅದರ ಮೇಲೆ ಎರಡು ಕಲ್ಲಿನ ಗಿಳಿ ಬೇರೆ!"

ಸಿಂಗಿದೇವರು ಮುಳ್ಳು ಕಟ್ಟುತ್ತಲೇ ಇದ್ದರು.

"ಅದನ್ನು ಕಂಡು ಸಾಮಂತರೆಲ್ಲ ಮುಗಿಬಿದ್ದರು. ಒಬ್ಬೊಬ್ಬನಿಗೂ ತನ್ನ ಮನೆ ಮುಂದೆಯೇ ಹೆದ್ದಾರಿ ಬೇಕು. ಕೊಟ್ಟರು. ಈಗ ನಾಡ ತುಂಬ ತುಂಡು ರಸ್ತೆ. ಒಂದು ಇನ್ನೊಂದರ ಮುಖ ನೋಡುವುದಿಲ್ಲ. ಇದೇನು ನಾಡೇ, ಹರಿದ ಚಾಪೆಯೇ?"

"ನೀನೇನು ಮಾಡಿದೆ?"

"ಹೇಳಿದೆನಲ್ಲ, ಉಂಗುರ ಎಸೆದೆ. ಸಭೆಗೆ ಸಭೆಯೇ ಗರಬಡಿದಂತೆ ಕೂತಿತ್ತು."

ಆ ಮೌನವನ್ನು ಅವನು ದಾರಿಯುದ್ದಕ್ಕೂ ಬೆಲ್ಲದ ಚೂರಿನ ಹಾಗೆ ಬಾಯಲ್ಲಿಟ್ಟುಕೊಂಡೇ ಬಂದಿದ್ದ. ಗುರುಗಳು ಬೆನ್ನು ತಟ್ಟುತ್ತಾರೆಂದು ಕಾದ.

"ನೀನು ಎದ್ದು ಬಂದ ಮೇಲೆ ಅಲ್ಲಿ ಏನಾಯಿತು?" ಗುರುಗಳು ಕೇಳಿದರು.

"ಅದು ನನಗೇಕೆ ಗುರುಗಳೇ?"

ಸಿಂಗಿದೇವರು ಮತ್ತೆ ಬೇಲಿಯ ಕಡೆ ತಿರುಗಿದರು. ಕೇತಯ್ಯ ಅವರ ಬೆನ್ನ ಹಿಂದೆಯೇ ಬಂದು ನಿಂತ.

"ಒಂದು ಮಾತೂ ಇಲ್ಲವೇ? ಅನ್ಯಾಯದ ಜೊತೆ ಕೂರಬಾರದೆಂದು ಕಲಿಸಿದವರು ತಾವೇ ಅಲ್ಲವೇ?"

ಗುರುಗಳು ಉತ್ತರಿಸುವ ಮೊದಲೇ ಆಚೆ ದಡದಿಂದ ಕೂಗು ಕೇಳಿತು.

"ಯಾರರ ಇದ್ದೀರೇನ್ರಪ್ಪೋ! ಹೆಗಲು ಕೊಡ್ರಪ್ಪೋ!"

ಹೊಸ ರಸ್ತೆ ನೇರವಾಗಿ ಬಂದು ಮುಗಿಯುವ ಜಾಗದಲ್ಲಿ ಒಬ್ಬ ಮುದುಕಿ ಸೆರಗು ಬೀಸುತ್ತಿದ್ದಳು. ಪಕ್ಕದಲ್ಲಿ ಇಬ್ಬರು ಗಂಡಸರು ಹೊರಸೊಂದನ್ನು ಹೊತ್ತು ನಿಂತಿದ್ದರು. ಹೊರಸಿನ ಮೇಲೆ ಬಸುರಿ ಹೆಂಗಸು ನೋವಿಗೆ ಹೊರಳಾಡುತ್ತಿದ್ದಳು. ಸೂಲಗಿತ್ತಿಯ ಮನೆ ಇದ್ದದ್ದು ಈಚೆ ದಡದಲ್ಲಿ. ಹೊಳೆಯಲ್ಲಿ ದೋಣಿ ಇರಲಿಲ್ಲ. ಅಂಬಿಗನನ್ನೂ ದೋಣಿಯನ್ನೂ ಅರಮನೆಯವರು ಈ ವರ್ಷದ ಉತ್ಸವದ ತೆಪ್ಪಕ್ಕೆಂದು ಎಳೆದೊಯ್ದಿದ್ದರು.

ಸಿಂಗಿದೇವರು ಕೈಯಲ್ಲಿದ್ದ ಮುಳ್ಳು ಬಿಸುಟು ಓಡಿದರು. ಆ ವಯಸ್ಸಿನಲ್ಲಿ ಅವರು ಹಾಗೆ ಓಡಬಲ್ಲರೆಂದು ಕೇತಯ್ಯನಿಗೆ ಗೊತ್ತಿರಲಿಲ್ಲ. ಅವರು ನೀರಿಗಿಳಿದ ಮೇಲೇ ಅವನ ಕಾಲು ಎದ್ದದ್ದು.

ಅವನು ದಾಟಿ ಬಂದಾಗಿಗಿಂತ ನೀರು ಏರಿತ್ತು. ಇಬ್ಬರೂ ಆಚೆ ದಡ ಮುಟ್ಟಿದ ಮೇಲೆ ನಾಲ್ವರೂ ಹೊರಸನ್ನು ತಲೆಯ ಮೇಲೆ ಹೊತ್ತು ಹೊಳೆಗಿಳಿದರು. ಮುದುಕಿ ಹೊರಸಿನ ಕಾಲು ಹಿಡಿದುಕೊಂಡು, ನೀರು ಕುಡಿಯುತ್ತ, ಶಾಪ ಹಾಕುತ್ತ ಬಂದಳು.

"ಈ ರಸ್ತಾ ಮಾಡಿದಾವನ ಮನಿ ಹಾಳಾಗ! ಕನ್ನಡಿ ಹಾಂಗ ಮಾಡ್ಯಾನ, ತಂದು ಹೊಳ್ಯಾಗ ಕೆಡವ್ಯಾನ! ಇದು ಇರಲಿಲ್ಲ ಅಂದಿದ್ರ ಹಳೇ ದಾರಿ ಹಿಡಿದು ಮ್ಯಾಲಿನ ಬಂಡೆಗಲ್ಲಿನ ಮ್ಯಾಲೆ ದಾಟ್ತಿದ್ವಿ. ಛಲೋ ರಸ್ತಾ ಐತಿ ಅಂತ ನಂಬಿ ಬಂದ್ವಲ್ಲೋ!"

"ಅದು ನಾನಲ್ಲವ್ವಾ!" ಕೇತಯ್ಯ ಒದರಿದ. "ನಾನು ಇಲ್ಲಿ ಸೇತುವೆ ಹಾಕಿಸುತ್ತಿದ್ದೆ! ಕಲ್ಲನ್ನು ಅವರು ಕದ್ದರು!"

"ಯಾರಿಗಿ ಹೇಳ್ತಿ? ಎತ್ತಿ ಹಿಡಿ ಮೊದಲ!"

ಅವನು ಎತ್ತಿ ಹಿಡಿದ. ನಡುನೀರಲ್ಲಿ ಅವನ ಭುಜಕ್ಕೆ ಏನೋ ಒರಟಾಗಿ ತಾಗಿತು. ಅರ್ಧಕ್ಕೆ ನಿಂತ ಸೇತುವೆಯ ಕಂಬ. ಅವನೇ ನಿಂತು ಎಬ್ಬಿಸಿದ್ದು. ಮೇಲೆ ಹೊರಸಿನಲ್ಲಿ ಹೆಂಗಸು ಚೀರಿದಳು. ಅವನು ಕಂಬಕ್ಕೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು, ಮತ್ತೆ ಹೆಜ್ಜೆ ಹಾಕಿದ.

ಆಶ್ರಮದ ಒಳಕೋಣೆಯಲ್ಲಿ ಹಾಸಿಗೆ ಹಾಕಿದರು. ಶಿಷ್ಯನೊಬ್ಬ ಓಡಿಹೋಗಿ ಸೂಲಗಿತ್ತಿಯನ್ನು ಕರೆತಂದ. ಬಾಗಿಲು ಮುಚ್ಚಿತು.

ಕೇತಯ್ಯ ಹೊರಗೆ ಜಗಲಿಯ ಮೇಲೆ ಕುಳಿತ. ಒಳಗಿನಿಂದ ಒಂದರ ಮೇಲೊಂದು ಕೂಗು ಬರುತ್ತಿತ್ತು. ರೇಚರಸನನ್ನು ಬೈಯಬೇಕೆಂದು ಬಾಯಿ ತೆರೆದ. ಇನ್ನೊಂದು ಕೂಗು ಕೇಳಿ ಮುಚ್ಚಿದ. ಕೂಗು ನಿಂತಾಗ ಇನ್ನೂ ಹೆದರಿಕೆಯಾಯಿತು. ಮುದುಕಿಯ ಜೊತೆ ಬಂದ ಗಂಡಸರಲ್ಲಿ ಒಬ್ಬ, ಆ ಹೆಂಗಸಿನ ಗಂಡ, ಗೋಡೆಗೆ ಹಣೆ ಒತ್ತಿ ನಿಂತಿದ್ದ.

ಹೊತ್ತು ಇಳಿಯುವಾಗ ಮಗು ಅತ್ತಿತು.

ಬಾಗಿಲು ತೆರೆಯಿತು. ಮುದುಕಿ ಹೆಣ್ಣುಕೂಸನ್ನು ತಂದು ಸಿಂಗಿದೇವರ ಕೈಗಿಟ್ಟಳು. ಅಳಿಯನನ್ನು ಕರೆದುಕೊಂಡು ಒಳಗೆ ಹೋದಳು.

ಗುರುಗಳು ಜಗಲಿಗೆ ಬಂದರು. ಕೇತಯ್ಯ ಎದ್ದು ನಿಂತ.

"ತಾಯಿ?"

"ಉಳಿದಳು. ಇನ್ನೊಂದಿಷ್ಟು ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಅಂದಳು ಸೂಲಗಿತ್ತಿ."

ಕೇತಯ್ಯ ಉಸಿರುಬಿಟ್ಟ. ಆಗ ಗುರುಗಳ ಮುಖ ನೋಡಿದ. ಅಷ್ಟು ವರ್ಷ ಅವರ ಬಳಿಯಿದ್ದವನು ಅಂಥ ಸಿಟ್ಟನ್ನು ಅಲ್ಲಿ ಕಂಡಿರಲಿಲ್ಲ.

"ಆ ಸಭೆಯಲ್ಲಿ ಅರಸನ ಕೀರ್ತಿಗಾಗಿ ವಾದಿಸಲು ರೇಚರಸನಿದ್ದ," ಅಂದರು. "ಸಾಮಂತರ ಪರವಾಗಿ ಸಾಮಂತರೇ ಇದ್ದರು. ಈ ಕೂಸಿನ ಪರವಾಗಿ ಯಾರಿದ್ದರು?"

ಕೇತಯ್ಯ ಕೂಸಿನ ಕಡೆ ನೋಡಿದ.

"ಹೇಳು. ಯಾರಿದ್ದರು?"

"ನಾನು."

"ಅವರು ಕಲ್ಲು ಕದ್ದರು. ನೀನು ಸಭೆಯಲ್ಲಿ ಇವಳ ಪರವಾಗಿದ್ದ ಒಂದೇ ಜಾಗವನ್ನೂ ಖಾಲಿ ಮಾಡಿ ಬಂದೆ. ಬಂದು ನನ್ನ ಅಂಗಳದಲ್ಲಿ ಜಂಬ ಕೊಚ್ಚಿದೆ."

ಕೇತಯ್ಯನ ಕಣ್ಣು ತುಂಬಿತು. ಅದು ನಾಚಿಕೆಯೋ ಕೋಪವೋ ಅವನಿಗೇ ತಿಳಿಯಲಿಲ್ಲ.

"ಗುರುಗಳೇ, ಈಗ ಹೋದರೆ ನಗುತ್ತಾರೆ. ಅಧಿಕಾರ ತಿರುಗಿ ಕೊಡುವುದಿಲ್ಲ. ಆಳಿನ ಹಾಗೆ ಬಾಗಿಲಲ್ಲಿ ಕಾಯಿಸುತ್ತಾರೆ. ಒಂದು ಕಲ್ಲಿಗಾಗಿ ವರ್ಷಗಟ್ಟಲೆ ಬೇಡಬೇಕು. ಈ ಅರಸರ ಕಾಲಕ್ಕೆ ಅದು ಮುಗಿಯುವುದಿಲ್ಲ. ನನ್ನ ಕಾಲಕ್ಕೂ ಮುಗಿಯಲಿಕ್ಕಿಲ್ಲ."

ಸಿಂಗಿದೇವರು ಹೆಗಲ ಮೇಲಿನ ಬಟ್ಟೆ ತೆಗೆದು ಹೆಣ್ಣುಕೂಸಿಗೆ ಹೊದಿಸಿದರು.

"ಕಾಯಿಸಲಿ, ಕಾಯಿ. ಇವಳು ಬೆಳೆದು ಹೆರುವ ಹೊತ್ತಿಗೆ ಇಲ್ಲಿ ಸೇತುವೆ ಇರಬೇಕು. ಹೊರಡು."