ನಾಲ್ಕನೇ ಬೋಲ್ಟು

ಹೊಳೆದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲೊಬ್ಬ ಗುರು, ಒಬ್ಬ ಶಿಷ್ಯ, ಒಂದು ಮುದಿ ಕಾರು. ಜ್ವರ ಬರಲಿ, ಹಾವು ಕಚ್ಚಲಿ, ಸುತ್ತಿನ ಹಳ್ಳಿಯವರು ಆಸ್ಪತ್ರೆಗೆ ಹೋಗೋದು ಆ ಕಾರಿನಲ್ಲೇ. ಬೇರೆ ಗಾಡಿ ಇರಲಿಲ್ಲ.

ಆ ವರ್ಷ ಹೊಳೆ ಉಕ್ಕಿ, ಕಾರು ಮೂರು ದಿನ ನೀರಲ್ಲಿ ನಿಂತಿತು. ನೀರು ಇಳಿಯಿತು. ಇಂಜಿನ್ನೂ ಒಣಗಿ ಉಸಿರಾಡಿತು. ಗೇರು ಮಾತ್ರ ತುಕ್ಕು ಹಿಡಿದು, ಒಂದನೆಯದರಲ್ಲೇ ಕಚ್ಚಿಕೊಂಡು ಕೂತಿತು. ಕಾರಿನ ಮೂತಿಯೋ ಹೊಳೆಯ ಕಡೆಗೆ. ಹಾಗೇ ಹೊರಟರೆ ಸೀದಾ ಮೊಸಳೆ ಬಾಯಿಗೆ.

ಆಶ್ರಮದಲ್ಲಿ ಅಡುಗೆ ಮಾಡೋ ಹೊನ್ನವ್ವನ ಮಗಳು ನಾಗವೇಣಿಗೆ ಒಂಬತ್ತು ತಿಂಗಳು ತುಂಬಿತ್ತು. ಹೊಟ್ಟೆಯಲ್ಲಿ ಮಗು ಅಡ್ಡ ಮಲಗಿದೆ, ನಾಳೆ ಕರೆದುಕೊಂಡು ಬನ್ನಿ ಅಂದಿದ್ದರು ಡಾಕ್ಟರಮ್ಮ.

"ನಾನಿದ್ದೀನಲ್ಲ," ಅಂದ ಶಿಷ್ಯ ಕೆಂಚಮಲ್ಲ. ಗರಡಿಯಲ್ಲಿ ಬೆಳೆದ ಆಳು, ತೋಳು ಅಂದರೆ ಒನಕೆ.

ಗೇರ್‌ಬಾಕ್ಸಿನ ಮುಚ್ಚಳಕ್ಕೆ ನಾಲ್ಕು ಬೋಲ್ಟು. ಎರಡು ಬಂದವು. ಮೂರನೆಯದು ಜಗ್ಗಲಿಲ್ಲ. ಬೋಲ್ಟು ತಿರುಗಿಸೋ ಪಾನಕ್ಕೆ ಮೊಳದುದ್ದ ಪೈಪು ಸಿಕ್ಕಿಸಿ ಮೈಭಾರವೆಲ್ಲ ಬಿಟ್ಟು ಎಳೆದ. ಟಪ್ ಅಂತ ಬೋಲ್ಟಿನ ತಲೆ ಕಿತ್ತು ಬಂತು.

ಯಾರೂ ನೋಡಲಿಲ್ಲ ಅಂತ ಅದನ್ನು ಪಂಚೆಯ ಮಡಿಕೆಗೆ ಸೇರಿಸಿಬಿಟ್ಟ.

ಗುರುಗಳು ಬಂದರು. ಅವರೂ ಒಂದು ಕಾಲಕ್ಕೆ ಲಾರಿ ಓಡಿಸಿದವರೇ.

"ಎಷ್ಟು ಬಂತಪ್ಪಾ?"

"ಮೂರು ಬಂತು ಅಯ್ಯ. ಇನ್ನೊಂದೇ."

"ಹೌದಾ? ಸೊಂಟದಲ್ಲಿ ಏನೋ ಚುಚ್ಚುತ್ತಿರೋ ಹಾಗೆ ಕೂತಿದ್ದೀಯಲ್ಲ ಮತ್ತೆ?"

ಕೆಂಚಮಲ್ಲ ಮೆಲ್ಲಗೆ ತೆಗೆದು ಕೊಟ್ಟ.

ಗುರುಗಳು ಅದನ್ನು ಬಿಸಿಲಿಗೆ ಹಿಡಿದರು. ಮುರಿದ ಜಾಗ ಬೆಳ್ಳಿಯ ಹಾಗೆ ಹೊಳೆಯಿತು.

"ತುಕ್ಕು ಇರೋದು ಕೆಳಗೆ ಮಲ್ಲ. ನೀನು ಮುರಿದದ್ದು ಚೆನ್ನಾಗಿದ್ದ ಕಡೆ."

"ಉಳಿದದ್ದೂ ಮುರಿದರೆ ಅಯ್ಯ?"

"ಮೂರು ಬೋಲ್ಟಿದ್ದರೆ ಮುಚ್ಚಳ ಕೂರುತ್ತೆ. ಎರಡಿದ್ದರೆ ಕೂರಲ್ಲ. ಎಣ್ಣೆಯೆಲ್ಲ ಸುರಿದು ಕಾರು ನಡುದಾರೀಲಿ ನಿಲ್ಲುತ್ತೆ. ಒಳಗೆ ಆ ಹುಡುಗಿ ಇರ್ತಾಳೆ."

ಕೆಂಚಮಲ್ಲ ಪಾನದಿಂದ ಪೈಪು ಕಳಚಿ ದೂರ ಇಟ್ಟ.

ಗುರುಗಳು ಸೀಮೆಎಣ್ಣೆಗೆ ಇಂಜಿನ್ನಿನ ಎಣ್ಣೆ ಬೆರೆಸಿ, ನಾಲ್ಕನೇ ಬೋಲ್ಟಿನ ಬುಡಕ್ಕೆ ನಾಲ್ಕು ಹನಿ ಬಿಟ್ಟರು. "ಹೋಗಿ ಸ್ನಾನ ಮಾಡಿ ಬಾ."

ಬಂದ. ಮತ್ತೆ ನಾಲ್ಕು ಹನಿ. "ಹೋಗಿ ಊಟ ಮಾಡಿ ಬಾ."

"ಅಯ್ಯ, ಎಣ್ಣೆ ದುಡೀತಿದೆ, ನಾನು ಉಂಡು ತಿರುಗ್ತಿದ್ದೀನಿ."

"ಬೆಳಗ್ಗೆ ನೀನು ದುಡಿದದ್ದೇ ಸಾಕಾಗಿದೆ."

ಹೊತ್ತು ಇಳಿದ ಮೇಲೆ ಸುತ್ತಿಗೆ ಕೊಟ್ಟರು. "ತಟ್ಟು. ಮಗು ಮಲಗಿಸೋ ಹಾಗೆ."

ತಟ್ಟಿದ.

"ಈಗ ಪಾನ ಹಾಕಿ ಬಿಗಿ ಮಾಡು."

"ಬಿಗಿನಾ? ಬಿಚ್ಚಬೇಕಲ್ಲ ಅಯ್ಯ."

"ಕೂದಲೆಳೆಯಷ್ಟು ಬಿಗಿ ಮಾಡು."

ಒಲ್ಲದ ಮನಸ್ಸಿನಿಂದ ಒತ್ತಿದ. ಒಳಗೆಲ್ಲೋ ಟಿಕ್ ಅಂತು. ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಯಿತು.

"ಈಗ ಬಿಚ್ಚು. ತುಸು ಬಿಚ್ಚು, ತುಸು ಬಿಗಿ ಮಾಡು, ಮತ್ತೆ ಬಿಚ್ಚು."

ಬೋಲ್ಟು ಕೆಂಪು ಪುಡಿ ಉದುರಿಸುತ್ತ ಇಡಿಯಾಗಿ ಮೇಲೆ ಬಂತು.

ಮುಚ್ಚಳದ ಕೆಳಗೆ, ಗೇರು ಸರಿಸುವ ಸರಳೂ ಹಾಗೇ ಹಿಡಿದುಕೊಂಡಿತ್ತು. ಈ ಸಲ ಕೆಂಚಮಲ್ಲ ತಾನೇ ಎಣ್ಣೆಯ ಡಬ್ಬಿ ತಗೊಂಡ. ಎಣ್ಣೆ ಬಿಟ್ಟ. ಪಕ್ಕದಲ್ಲೇ ಕೂತ. ತಟ್ಟಿದ. ಸಿಕ್ಕಿಕೊಂಡ ಕಡೆಗೇ ಒಂಚೂರು ನೂಕಿ, ಆಮೇಲೆ ಈಚೆಗೆ ಎಳೆದ. ಬೆಣ್ಣೆಯಿಂದ ಬೆರಳು ತೆಗೆದ ಹಾಗೆ ಬಂತು.

ಮೂರು ಬೋಲ್ಟಿನ ಮೇಲೆ ಮುಚ್ಚಳ ಕೂತಿತು.

ಬೆಳಗಾಯಿತು. ನಾಗವೇಣಿ ಹಿಂದಿನ ಸೀಟಿನಲ್ಲಿ ಹೊಟ್ಟೆ ಹಿಡಿದು ಕೂತಳು. ಹೊನ್ನವ್ವ ಬಟ್ಟೆಯ ಗಂಟು ಹಿಡಿದು ಪಕ್ಕಕ್ಕೆ ಸೇರಿದಳು.

"ಅಪ್ಪಾ ಕೆಂಚಮಲ್ಲ, ತಲುಪ್ತೀವಾ?"

"ತಲುಪ್ತೀವಿ ಅವ್ವ. ಒಂದೇ ಓಟ," ಅಂದ ಕೆಂಚಮಲ್ಲ. ಇಂಜಿನ್ನು ಗುರುಗುಟ್ಟಿತು. ಎದುರಿಗೆ ಹೊಳೆ ತುಂಬಿ ಹರಿಯುತ್ತಿತ್ತು. ಅವನ ಕೈ ಗೇರಿನ ಮೇಲಿತ್ತು.

ಗುರುಗಳು ಕಿಟಕಿಯ ಹತ್ತಿರ ಬಗ್ಗಿದರು.

"ಮೊದಲು ಹಿಂದಕ್ಕೆ ತಗೊಳ್ಳಪ್ಪಾ."