ಕಣ್ಣು ಮುಚ್ಚಿ ಹೇಳಿದ ಪರಿಚಯ

ಹೊಳೆಯ ದಂಡೆಯಲ್ಲಿ ಬೊಪ್ಪಯ್ಯ ಪಂಡಿತರ ಆಶ್ರಮವಿತ್ತು. ಮುರಿದ ಎಲುಬು ಕೂಡಿಸುವುದು ಅಲ್ಲಿ ಕಲಿಸುತ್ತಿದ್ದ ವಿದ್ಯೆ.

ವಿದ್ಯೆ ಮುಗಿಸಿ ಹೋಗಿದ್ದ ಕೇತಯ್ಯ ಒಂದು ಸಂಜೆ ಮರಳಿ ಬಂದ. ಬಂದವನೇ, ಹೊರಡುವಾಗ ಗುರುಗಳು ಕೊಟ್ಟಿದ್ದ ಮದ್ದಿನ ಚೀಲವನ್ನು ಅವರ ಕಾಲ ಬಳಿ ಇಟ್ಟ.

"ಇದನ್ನ ನೀವೇ ಇಟ್ಕೊಳ್ಳಿ ಗುರುಗಳೇ."

"ಯಾಕಪ್ಪಾ?"

"ಇದರಿಂದ ನನಗೆ ಅನ್ನ ಹುಟ್ಟಲಿಲ್ಲ."

ಗುರುಗಳು ಚೀಲ ಮುಟ್ಟಲಿಲ್ಲ. ಕೂತುಕೋ ಎಂದು ಕೈಸನ್ನೆ ಮಾಡಿದರು.

ಕೇತಯ್ಯನ ಸಂಕಟ ಅವರಿಗೆ ಗೊತ್ತಿಲ್ಲದ್ದೇನಲ್ಲ. ತಂದೆ ಹೋದ ಮೇಲೆ ಅವನ ತಾಯಿ ಯಾರದೋ ಕೊಟ್ಟಿಗೆಯ ಮೂಲೆಯಲ್ಲಿ ದಿನ ನೂಕುತ್ತಿದ್ದಳು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುತ್ತಾರಲ್ಲ, ಹಾಗೆ ಬಂದವರೆಲ್ಲ ಅವಳಿಗೆ ಒಂದೊಂದು ಮಾತು ಆಡಿ ಹೋಗುತ್ತಿದ್ದರು. ಮಳೆ ಹಿಡಿಯುವುದರೊಳಗೆ ಜಾಗ ಬಿಡು ಎಂದು ಕೊಟ್ಟಿಗೆಯವರೂ ಹೇಳಿಯಾಗಿತ್ತು. ಮಗನಿಗೆ ಎಲ್ಲಾದರೂ ಒಂದು ಕೆಲಸ ಸಿಕ್ಕಿದರೆ ತನ್ನನ್ನು ಕರೆಸಿಕೊಳ್ಳುತ್ತಾನೆ ಎಂಬುದೊಂದೇ ಅವಳಿಗಿದ್ದ ಆಸೆ.

"ಗೌಡರ ಮನೆಗೆ ಹೋಗಿದ್ದೆಯಾ?"

"ಹೋಗಿದ್ದೆ. ನಾನು ಹೇಳ್ತಿದ್ದ ಹಾಗೇ ಎದ್ದು ಹೋದ್ರು. ಊಟ ಆರಿ ಹೋಗುತ್ತೆ ಅಂದ್ರು."

"ಮಠಕ್ಕೆ?"

"ಅಲ್ಲಿಯ ಪಾರುಪತ್ಯಗಾರರಿಗೆ ನಿದ್ದೆ ಹತ್ತಿತು."

ನಗು ಬರುವಂಥ ಮಾತೇ. ಆದರೆ ಹೇಳುತ್ತಿದ್ದವನ ಮುಖ ನೋಡಿ ಗುರುಗಳಿಗೆ ನಗಲಾಗಲಿಲ್ಲ.

"ಹೋಗಲಿ, ಶೆಟ್ಟರ ಬಂಡಿಗಳು ಇವತ್ತು ಇದೇ ದಾರಿಯಲ್ಲಿ ಹೋದವಲ್ಲ. ಘಟ್ಟ ಇಳಿಯೋ ಬಂಡಿಗಳು. ಎಲುಬು ಕಟ್ಟೋನು ಅವರಿಗೆ ಬೇಕೇ ಬೇಕು."

ಕೇತಯ್ಯ ಹೆಗಲ ವಸ್ತ್ರದ ಸೆರಗಿನ ಗಂಟು ಬಿಚ್ಚಿದ. ಒಳಗೆ ಒಂದು ಹಿಡಿ ನವಣೆ ಇತ್ತು.

"ಇದನ್ನ ಕೊಟ್ಟು ಕಳಿಸಿದ್ರು. ನನ್ನನ್ನ ಹಾಡಿ ಬೇಡೋನು ಅಂದ್ಕೊಂಡ್ರು ಗುರುಗಳೇ. ಅವರ ಆಳೊಬ್ಬ, 'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು' ಅಂದ. ಎಲ್ಲರೂ ನಕ್ಕರು."

ಹೇಳುತ್ತಲೇ ಅವನಿಗೆ ಅಳು ಬಂತು. ಅತ್ತ. ಗುರುಗಳು ಅಳಲು ಬಿಟ್ಟರು.

ಆಮೇಲೆ ಕೇಳಿದರು, "ಶೆಟ್ಟರಿಗೆ ಏನು ಹೇಳಿದೆ? ನಾನೇ ಶೆಟ್ಟಿ ಅಂತ ತಿಳಕೊಂಡು ಹೇಳು."

ಆ ಆಶ್ರಮದಲ್ಲೊಂದು ಪದ್ಧತಿಯಿತ್ತು. ಶಿಷ್ಯನಾದವನು ಯಾರ ಮುಂದೆ ನಿಂತರೂ ಮೊದಲು ಕಣ್ಣು ಮುಚ್ಚಿ, ಕೈ ಮುಗಿದು, ಆದಿಗುರುವಿನಿಂದ ಹಿಡಿದು ಗುರುಪರಂಪರೆಯನ್ನೆಲ್ಲ ಹೇಳಬೇಕು. ಯಾವ ಗುರು ಯಾವ ಅರಸನ ತೊಡೆ ಕೂಡಿಸಿದರು, ಯಾರು ಯಾವ ಪಟ್ಟದಾನೆಯ ಕಾಲು ಕಟ್ಟಿದರು, ಒಂದನ್ನೂ ಬಿಡುವಂತಿಲ್ಲ. ತನ್ನ ಹೆಸರು ಕೊನೆಗೆ. ತನಗೇನು ಬರುತ್ತದೆ ಎಂಬುದು ಅದಕ್ಕೂ ಆಮೇಲೆ.

ಕೇತಯ್ಯ ಎದ್ದು ನಿಂತು ಕಣ್ಣು ಮುಚ್ಚಿದ. ಒಂದು ಹೆಸರೂ ತಪ್ಪಲಿಲ್ಲ.

"...ಅಂಥ ಬೊಪ್ಪಯ್ಯ ಪಂಡಿತರ ಚರಣಸೇವಕ, ಕೇತಯ್ಯನೆಂಬ ನಾನು..." ಎಂದು ಕಣ್ಣು ತೆರೆದ.

ಎದುರಿಗೆ ಯಾರೂ ಇರಲಿಲ್ಲ.

ಗುರುಗಳು ಕೆಳಗೆ ಹೊಳೆಯಲ್ಲಿ ನಿಂತು ಕೊಡಕ್ಕೆ ನೀರು ತುಂಬುತ್ತಿದ್ದರು. ಕೇತಯ್ಯನ ಜೀವ ಬತ್ತಿ ಹೋಯಿತು. ಗೌಡರು ಎದ್ದು ಹೋದದ್ದು, ಆಳುಗಳು ನಕ್ಕದ್ದು ಏನೂ ಅಲ್ಲ, ಇದನ್ನು ಮಾತ್ರ ತಡೆದುಕೊಳ್ಳಲು ಅವನಿಂದಾಗಲಿಲ್ಲ.

"ನೀವೂ ಎದ್ದು ಹೋದಿರಾ ಗುರುಗಳೇ?"

ಗುರುಗಳು ಕೊಡ ಹೊತ್ತು ಮೇಲೆ ಬಂದರು.

"ಶೆಟ್ಟರು ಎಲ್ಲಿ ನಿಂತಿದ್ದರು?"

"ಮೊದಲನೇ ಬಂಡಿಯ ಪಕ್ಕದಲ್ಲಿ."

"ಬಂಡಿಯಲ್ಲಿ ಯಾರಿದ್ದರು?"

ಕೇತಯ್ಯ ನೆನಪು ಮಾಡಿಕೊಂಡ. "ಒಬ್ಬ ಬಂಡಿ ಹೊಡೆಯೋನು ಮಲಗಿದ್ದ. ಎಡಗೈಯನ್ನ ಪಂಚೆ ಹರಿದು ಎದೆಗೆ ಕಟ್ಕೊಂಡಿದ್ದ. ಮುಂಗೈ ಬಾತಿತ್ತು."

"ಮುರಿದಿತ್ತೇ?"

"ಮುರಿದಿತ್ತು. ಹೊಸ ಮುರಿತ. ಅಲ್ಲೇ ಕಟ್ಟಿದ್ರೆ ಕೂಡ್ತಿತ್ತು."

"ಶೆಟ್ಟರಿಗೆ ಅದನ್ನ ಹೇಳಿದೆಯಾ?"

"ಹೇಗೆ ಹೇಳಲಿ ಗುರುಗಳೇ? ನಿಮ್ಮ ಹೆಸರೇ ಇನ್ನೂ ಬಂದಿರಲಿಲ್ಲ."

ಗುರುಗಳು ಕೊಡ ಇಳಿಸಿದರು.

"ನೀವೇ ಕಲಿಸಿದ್ದಲ್ಲವೇ?" ಎಂದ ಕೇತಯ್ಯ. ಅವನ ದನಿಯಲ್ಲಿ ಸಿಟ್ಟೂ ಇತ್ತು.

"ಹೌದು. ನಾನೇ ಕಲಿಸಿದ್ದು."

ಅಷ್ಟು ಹೇಳುವಾಗ ಗುರುಗಳು ತುಂಬ ಮುದುಕರಾದಂತೆ ಕಂಡರು. ಕೇತಯ್ಯನ ಸಿಟ್ಟು ಇಳಿಯಿತು. ಸಿಟ್ಟು ಇಳಿದ ಮೇಲೆ ಅವನಲ್ಲಿ ಏನೂ ಉಳಿಯಲಿಲ್ಲ.

"ಬಂಡಿಗಳು ಹೊಳೆ ದಾಟಿ ಹೋದವು. ಮಳೆಗಾಲ ಮುಗಿಯೋ ತನಕ ಈ ದಾರಿಯಲ್ಲಿ ಇನ್ನು ಯಾರೂ ಬರಲ್ಲ. ಅವ್ವನಿಗೆ ಹೇಗೆ ಮುಖ ತೋರಿಸಲಿ? ಎಲ್ಲಾದರೂ, ಯಾರಾದರೂ, ನೀನು ಯಾರು ಅಂತ ಮತ್ತೆ ಕೇಳಿದ್ರೆ ಏನು ಹೇಳಲಿ?"

ಗುರುಗಳು ಬಗ್ಗಿ ಚೀಲ ಎತ್ತಿದರು. ಧೂಳು ಒರೆಸಿ ಶಿಷ್ಯನ ಹೆಗಲಿಗೆ ಹಾಕಿದರು. ಆಚೆ ದಂಡೆಯಲ್ಲಿ ಬಂಡಿಗಳು ಹೋದ ಜಾಡು ಕತ್ತಲಲ್ಲಿ ಕಾಣದಾಗುತ್ತಿತ್ತು. ಅದರತ್ತ ನೋಡುತ್ತಲೇ ಅವರು ಹೇಳಿದರು:

"ನಮ್ಮ ಹೆಸರುಗಳನ್ನೆಲ್ಲ ಇಲ್ಲೇ ಬಿಟ್ಟು ಹೋಗಪ್ಪಾ. ಆ ಕೈ ಇನ್ನೂ ನೋಯ್ತಾ ಇರುತ್ತೆ."